ತುಟಿ ಉಳಿದರೆ ಸೀಸನ್ ಉಳಿಯಿತು: ಟ್ರಂಪೆಟ್ ಹಿಡಿದ ಹುಡುಗರಿಗೆ ಹನ್ನೊಂದು ಸೂತ್ರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಮದುವೆ ಅಂದರೆ ಬ್ಯಾಂಡ್ ಬೇಕೇ ಬೇಕು. ಡ್ರಮ್ಮು, ಝಾಂಜು ಎಷ್ಟೇ ಇರಲಿ, ಹಾಡನ್ನು ಓಣಿಯ ಆ ತುದಿಗೆ ಮುಟ್ಟಿಸುವುದು ಟ್ರಂಪೆಟ್. ಅದಕ್ಕೇ ಕಂಪನಿ ಸೇರಿದ ಹುಡುಗನಿಗೆ ಮೊದಲು ಕಣ್ಣು ಬೀಳುವುದು ಅದರ ಮೇಲೆ. ಕೈಗೆ ಸಿಕ್ಕಿದ ತಿಂಗಳಲ್ಲೇ ಎಲ್ಲರಿಗಿಂತ ಮೇಲಿನ ಸ್ವರ ಊದಿ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ. ನನ್ನ ಲೆಕ್ಕದಲ್ಲಿ ಗೆದ್ದವನು ಬೇರೆ. ಮಾಘದ ಮೊದಲ ಮುಹೂರ್ತಕ್ಕೆ ಯಾವ ದನಿ ಕೊಟ್ಟನೋ ಜ್ಯೇಷ್ಠದ ಕಡೇ ಮದುವೆಗೂ ಅದೇ ದನಿ ಕೊಡುವವನು ಗೆದ್ದವನು. ಅದು ಒಬ್ಬನಿಂದ ಆಗುವ ಕೆಲಸವಲ್ಲ, ಬಗಲಲ್ಲಿ ನಿಂತವರೂ ಬೇಕು.

1. ಟ್ರಂಪೆಟ್ ಕಲಿಯುವ ಮೊದಲು ಸನಾದಿ ಕೇಳಿ

ನಮ್ಮ ಸೀಮೆಯ ಕಿವಿ ತಯಾರಾದದ್ದು ಸನಾದಿಯಿಂದ. ಭಜಂತ್ರಿ ಮನೆತನಗಳು ತಲೆತಲಾಂತರದಿಂದ ಊದಿಕೊಂಡು ಬಂದ ವಾದ್ಯ ಅದು. ಕರಡಿ ಮಜಲಿನಲ್ಲೂ ಹಾಡು ನಡೆಸುವುದು ಅದೇ. ಬೀಳಗಿಯ ಸನಾದಿ ಅಪ್ಪಣ್ಣನ ಹೆಸರಿನ ಚಿತ್ರ 1977ರಲ್ಲಿ ಬಂದಾಗ ರಾಜ್‌ಕುಮಾರ್ ಅಪ್ಪಣ್ಣನಾದರು, ತೆರೆಯ ಹಿಂದೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಚಿತ್ರದ ಸಂಗೀತವನ್ನು ಕಣ್ಣು ಮುಚ್ಚಿ ಒಮ್ಮೆ ಕೇಳಿ. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರುವ ಬಗೆ ನೋಡಿ. ಟ್ರಂಪೆಟ್ಟಿಗೆ ಮೂರೇ ಗುಂಡಿ, ಅದು ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಆದರೆ ಗುಂಡಿಯನ್ನು ಅರ್ಧ ಒತ್ತಿ, ತುಟಿಯನ್ನು ತುಸು ಸಡಿಲಿಸಿದರೆ ಅದೂ ಜಾರುತ್ತದೆ. ಇದನ್ನು ಕಲಿತವನ ಟ್ರಂಪೆಟ್ಟಿಗೆ ಓಣಿಯ ಮುದುಕಿಯರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ.

2. ಗುಂಡಿ ಮುಟ್ಟದೆ ಐದು ಸ್ವರ ತೆಗೆಯಿರಿ

ಒಂದೂ ಗುಂಡಿ ಒತ್ತದೆ, ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಸಾ, ಪ, ಮೇಲಿನ ಸಾ, ಗ, ಪ ಬರುತ್ತವೆ. ಸಾಮಾನ್ಯವಾಗಿ ಸಿಗುವ ಟ್ರಂಪೆಟ್ಟಿನ ಈ ಸಾ, ಹಾರ್ಮೋನಿಯಂನ ಕಾಳಿ ಐದಕ್ಕೆ ಕೂಡುತ್ತದೆ. ನಡುವಿನ ಗುಂಡಿ ಸ್ವರವನ್ನು ಅರ್ಧ ಇಳಿಸುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಅಂದರೆ ಗುಂಡಿಗಳ ಕೆಲಸ ಇಳಿಸುವುದು ಮಾತ್ರ. ಏರಿಸುವುದೆಲ್ಲ ತುಟಿಯ ಪಾಲು. ಹಾಗಾಗಿ ಬೆಳಿಗ್ಗೆ ಎದ್ದು ಸಿನಿಮಾ ಹಾಡು ಹಿಡಿಯಬೇಡಿ. ಇಪ್ಪತ್ತು ನಿಮಿಷ ಈ ಐದೇ ಸ್ವರಗಳನ್ನು ಉದ್ದಕ್ಕೆ, ನಡುಗದಂತೆ, ಮೆಲ್ಲಗೆ ಶುರುಮಾಡಿ ಮೆಲ್ಲಗೆ ಮುಗಿಸಿ. ಬಾದಾಮಿಯ ಹುಡುಗರಿಗೆ ಒಂದು ಭಾಗ್ಯವಿದೆ. ಊರ ಹೊರಗೆ ಕೆಂಪು ಬಂಡೆಗೆ ಮುಖಮಾಡಿ ಊದಿದರೆ ನಿಮ್ಮ ದನಿ ನಿಮಗೇ ಮರಳಿ ಬರುತ್ತದೆ, ಒಡೆದ ಸ್ವರ ಒಡೆದೇ ಕೇಳಿಸುತ್ತದೆ. ಅದಕ್ಕಿಂತ ನೇರವಾಗಿ ಹೇಳುವ ಗುರು ಸಿಗುವುದಿಲ್ಲ.

3. ಮೌತ್‌ಪೀಸನ್ನು ತುಟಿಗೆ ಅದುಮಬೇಡಿ

ಮೇಲಿನ ಸ್ವರ ಹತ್ತಲಿಲ್ಲವೆಂದು ಎಡಗೈಯಿಂದ ವಾದ್ಯವನ್ನು ಹಲ್ಲಿಗೆ ಎಳೆದುಕೊಳ್ಳುವುದು ಹುಡುಗರ ದೊಡ್ಡ ಚಟ. ಆ ಕ್ಷಣಕ್ಕೆ ಸ್ವರ ಬರುತ್ತದೆ, ನಿಜ. ಆದರೆ ತುಟಿಗೆ ರಕ್ತ ಓಡುವುದು ನಿಂತು, ಗಂಟೆಯೊಳಗೆ ಮರಗಟ್ಟುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್‌ಗಿಂತ ದೊಡ್ಡ ಟ್ರಂಪೆಟ್ ವಾದಕ ಯಾರು? ಅಂಥವರಿಗೂ 1930ರ ದಶಕದಲ್ಲಿ ತುಟಿ ಸೀಳಿ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಮೆರವಣಿಗೆ ಮುಗಿದ ಮೇಲೆ ಕನ್ನಡಿ ನೋಡಿಕೊಳ್ಳಿ. ತುಟಿಯ ಮೇಲಿನ ಉಂಗುರದ ಗುರುತು ಹತ್ತು ನಿಮಿಷದಲ್ಲಿ ಮಾಸಿದರೆ ಸರಿ. ರಾತ್ರಿಯವರೆಗೂ ಉಳಿದರೆ ಮರುದಿನ ಮೇಲಿನ ಸ್ವರದ ಹಾಡುಗಳನ್ನು ಬಿಟ್ಟುಬಿಡಿ.

4. ಪಾಳಿ ಬಿಡುವುದನ್ನು ಕಲಿಯಿರಿ

ಇಡೀ ಕಸುಬಿನ ಗುಟ್ಟು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಮದುವೆಯ ದಿನವನ್ನೇ ನೋಡಿ: ಬೆಳಿಗ್ಗೆ ಸುರಗಿ, ಆಮೇಲೆ ಬೀಗರನ್ನು ಎದುರುಗೊಳ್ಳುವುದು, ಅಕ್ಕಿಕಾಳು, ಸಂಜೆಗೆ ಮದುಮಕ್ಕಳ ಮೆರವಣಿಗೆ. ಮನುಷ್ಯನ ತುಟಿ ಅಷ್ಟು ಹೊತ್ತು ತಡೆಯುವುದಿಲ್ಲ. ಹಳೆಯ ಕಂಪನಿಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಪಲ್ಲವಿಯನ್ನು ಒಂದನೇ ಟ್ರಂಪೆಟ್ ಊದಿದರೆ ಚರಣಕ್ಕೆ ಎರಡನೆಯದು ಬರುತ್ತದೆ, ನಡುವಿನ ತುಂಬಿಕೆ ಕ್ಲಾರಿಯೋನೆಟ್ಟಿನದು, ಕೆಳಗಿನ ಸ್ವರ ಹಿಡಿದು ನಿಲ್ಲುವುದು ಯುಫೋನಿಯಂ. ಕೇಳುವವರಿಗೆ ಹಾಡು ಎಲ್ಲೂ ಕಡಿಯುವುದಿಲ್ಲ, ಊದುವವರಿಗೆ ಮಾತ್ರ ಸರದಿಯ ಮೇಲೆ ಬಿಡುವು.

ಇಳಕಲ್ಲಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಮೆರವಣಿಗೆ ನಿಂತಾಗ ಮಾಸ್ತರರನ್ನು ಗಮನಿಸಿ. ಅವರ ಕಣ್ಣು ಕುಣಿಯುವವರ ಮೇಲಿರುವುದಿಲ್ಲ, ಹುಡುಗನ ಕುತ್ತಿಗೆಯ ಮೇಲಿರುತ್ತದೆ. ನರ ಉಬ್ಬಿ ಕೆನ್ನೆ ನಡುಗತೊಡಗಿದ್ದೇ ತಡ, ಬಗಲಿಗೆ ಸರಿದು ತಮ್ಮ ಟ್ರಂಪೆಟ್ ಎತ್ತುತ್ತಾರೆ.

“ಲೇ ತಮ್ಮಾ, ಕೆಳಗ ಇಳಸು. ನಾ ಹಿಡೀತೀನಿ.”

“ಇನ್ನಾ ಊದ್ತೀನ್ರಿ ಮಾಸ್ತರ್ರ.”

“ಊದ್ತೀ, ಗೊತ್ತೈತಿ. ನಾಳೆ ಹುನಗುಂದದಾಗ ಅಕ್ಕಿಕಾಳು ಐತಿ, ಅದಕ್ಕ ತುಟಿ ಬೇಕಲ್ಲೋ.”

ಹೀಗೆ ಕೇಳಿದಾಗ ಬಿಟ್ಟುಕೊಡುವುದು ಸೋಲಲ್ಲ. ಮುಂದಿನ ಓಣಿಯಲ್ಲಿ ಮಾಸ್ತರರ ಉಸಿರು ಕುಸಿದಾಗ ಹೇಳಿಸಿಕೊಳ್ಳದೆಯೇ ನೀವು ಎತ್ತಿಕೊಳ್ಳಬೇಕು. ಬಗಲಿನವನು ಯಾವ ಸಾಲಿನಲ್ಲಿ ಉಸಿರು ತೆಗೆಯುತ್ತಾನೆ ಎಂಬುದು ನಿಮಗೆ ಗೊತ್ತಿರಬೇಕು, ಆ ಜಾಗದಲ್ಲಿ ನೀವು ಉಸಿರು ತೆಗೆಯಬಾರದು. ಇಬ್ಬರೂ ಒಟ್ಟಿಗೆ ನಿಲ್ಲಿಸಿದರೆ ಹಾಡಿಗೆ ತೂತು ಬೀಳುತ್ತದೆ.

5. ಗುಟ್ಕಾ, ಕುಡಿತ ಎರಡನ್ನೂ ಜೋಳಿಗೆಗೆ ಹಾಕಿ

ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಆದರೂ ಪಾನ್ ಮಸಾಲೆ ಒಂದು ಚೀಟು, ತಂಬಾಕು ಒಂದು ಚೀಟು ತಂದು ಬೆರೆಸಿಕೊಳ್ಳುವುದು ನಿಂತಿಲ್ಲ. ಅಡಿಕೆ ವರ್ಷಗಟ್ಟಲೆ ಬಾಯಲ್ಲಿದ್ದರೆ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅದು ಕ್ಯಾನ್ಸರಿನ ಹಾದಿಯೂ ಹೌದು. ಬೇರೆ ಕೆಲಸದವರಿಗೆ ಅದು ರೋಗ, ಊದುವವನಿಗೆ ರೋಗದ ಜೊತೆಗೆ ಹೊಟ್ಟೆಪಾಡೂ ಹೋಯಿತು. ಕುಡಿತದ್ದೂ ಅಷ್ಟೇ: ತುಟಿಯ ಹಿಡಿತ ಮೊದಲು ಹೋಗುತ್ತದೆ, ತಾಳ ಆಮೇಲೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದ ವ್ಯಸನಮುಕ್ತ ದಿನ. ಅಂಥ ಊರಿನ ಸುತ್ತಲಿನ ಬ್ಯಾಂಡ್ ಕಂಪನಿಗಳು ಕುಡಿದವನನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ ಎಂಬ ನಿಯಮ ಮಾಡಿಕೊಂಡರೆ ಚೆಂದ.

6. ಬುಂದಿ ತಿಂದು ಊದಬೇಡಿ

ಸಕ್ಕರೆ ಎಂಜಲು ಕೊಳವೆಯೊಳಗೆ ಹೋಗಿ ಗುಂಡಿಗಳು ಅಂಟುತ್ತವೆ. ಬಾಯಿ ಮುಕ್ಕಳಿಸಿ, ನೀರು ಕುಡಿದು, ಆಮೇಲೆ ಎತ್ತಿ. ಮೆರವಣಿಗೆಗೆ ಮುಂಚೆ ಮಿರ್ಚಿ, ಕೆಂಪು ಚಟ್ನಿ ಕೂಡ ಬೇಡ, ತುಟಿ ಉರಿಯುತ್ತದೆ.

7. ಕೊಬ್ಬರಿ ಎಣ್ಣೆ ತಲೆಗೆ, ಗುಂಡಿಗಲ್ಲ

ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೇ ವಾಲ್ವಿಗೆ ಹಾಕುವವರಿದ್ದಾರೆ. ಬೇಸಿಗೆಯಲ್ಲಿ ಅದರ ದೋಷ ಕಾಣುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು, ಅಂದರೆ ನಡು ಚಳಿಗಾಲ. ಅಲ್ಲಿ ರಾತ್ರಿ ಊದಲು ನಿಂತಾಗ ಒತ್ತಿದ ಗುಂಡಿ ಮೇಲೇಳದೆ ಅಲ್ಲೇ ಕೂತರೆ ಎಣ್ಣೆಯದೇ ತಪ್ಪು. ವಾದ್ಯದಂಗಡಿಯ ತೆಳು ವಾಲ್ವ್ ಎಣ್ಣೆಯ ಸಣ್ಣ ಬಾಟಲಿ ಒಂದು ಸೀಸನ್ನಿಗೆ ಸಾಕಾಗುತ್ತದೆ. ತಿಂಗಳಿಗೊಮ್ಮೆ ಗುಂಡಿಗಳನ್ನು ಬಿಚ್ಚಿ, ಉಗುರುಬೆಚ್ಚನೆ ಸೋಪಿನ ನೀರಲ್ಲಿ ಕೊಳವೆ ತೊಳೆಯಿರಿ. ಗುಂಡಿಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಇರುತ್ತದೆ, ಅದಲುಬದಲಾದರೆ ಉಸಿರೇ ಹಾಯುವುದಿಲ್ಲ. ಸಿಕ್ಕಿಬಿದ್ದ ಮೌತ್‌ಪೀಸಿಗೆ ಪಕ್ಕಡ ಹಾಕಬೇಡಿ, ಕೊಳವೆ ತಿರುಚಿಕೊಳ್ಳುತ್ತದೆ. ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಬಹಳಷ್ಟು ಬರುವುದು ಮೀರತ್‌ನಿಂದ. ಅಲ್ಲಿನ ಜಲಿ ಕೋಠಿ ಪೇಟೆ ಇದಕ್ಕೇ ಹೆಸರಾದದ್ದು, ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ಅಷ್ಟು ದೂರದಿಂದ ಬಂದದ್ದನ್ನು ಬಟ್ಟೆ ಸುತ್ತಿ ಟೆಂಪೋದ ಮೂಲೆಗೆ ಎಸೆಯಬಾರದು.

8. ಬಿಸಿಲಿಗೆ ಶ್ರುತಿ ಏರುತ್ತದೆ

ವೈಶಾಖದ ಮಧ್ಯಾಹ್ನ ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟಿದಾಗ ಕೊಳವೆಯೊಳಗಿನ ಗಾಳಿ ಕಾದು ಟ್ರಂಪೆಟ್ಟಿನ ಶ್ರುತಿ ಮೇಲಕ್ಕೆ ಹೋಗುತ್ತದೆ, ಚಳಿಗೆ ಕೆಳಗಿಳಿಯುತ್ತದೆ. ಗಾಡಿಯ ಮೇಲಿನ ಕೀಬೋರ್ಡ್ ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಸರಿಯಬೇಕಾದವರು ನೀವು: ಬಿಸಿಲಿಗೆ ಟ್ಯೂನಿಂಗ್ ಸ್ಲೈಡನ್ನು ತುಸು ಹೊರಗೆಳೆಯಿರಿ, ಚಳಿಗೆ ಒಳದೂಡಿ. ನೆರಳಲ್ಲಿ ಶ್ರುತಿ ಮಾಡಿಕೊಂಡು ಬಿಸಿಲಿಗೆ ಇಳಿದರೆ ಮತ್ತೆ ನೋಡಿಕೊಳ್ಳಬೇಕು.

9. ಎಲ್ಲಿ ಊದಬೇಕು, ಎಲ್ಲಿ ಸುಮ್ಮನಿರಬೇಕು

ಅಕ್ಕಿಕಾಳು ಬೀಳುವ ಹೊತ್ತಿಗೆ ನಿಮ್ಮ ಕಣ್ಣು ಅಯ್ಯನವರ ಕೈಮೇಲಿರಲಿ, ಜನರ ಗದ್ದಲ ನಂಬಿ ಊದಬೇಡಿ. ದಾರಿಯಲ್ಲಿ ದವಾಖಾನೆ ಬಂದರೆ, ಸಾವಾದ ಮನೆ ಬಂದರೆ, ಬಾಂಗು ಕೇಳಿದರೆ ಯಾರೂ ಹೇಳುವ ಮೊದಲೇ ವಾದ್ಯ ಇಳಿಸಿ. ಎದುರಿಗೆ ಇನ್ನೊಂದು ಕಂಪನಿಯ ಮೆರವಣಿಗೆ ಬಂದರೆ ಅವರ ಹಾಡು ಮುಗಿಯಲು ಬಿಡಿ, ಇವತ್ತು ಎದುರಿಗಿದ್ದವನು ನಾಳೆ ನಿಮ್ಮ ಕಂಪನಿಗೆ ಜನ ಕಡಿಮೆಯಾದಾಗ ಬರುವವನು. ಬಾಗಲಕೋಟೆಯ ಹೋಳಿಯಲ್ಲಿ ದೊಡ್ಡಸ್ತಿಕೆ ಹಲಗಿಯದು, ಅದರ ಮೇಲೆ ಜೋರು ಮಾಡಬೇಡಿ, ಅದರ ಪೆಟ್ಟಿಗೆ ಹೊಂದಿಕೊಂಡು ನಡೆಯಿರಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕಷ್ಟೇ ಅಲ್ಲ, ಬಯಲಲ್ಲಿ ವಾದ್ಯಕ್ಕೂ ಶಬ್ದ ಮಾಲಿನ್ಯ ನಿಯಮ ಅನ್ವಯಿಸುತ್ತದೆ. ಕುಣಿಯುವವರು ಎಷ್ಟೇ ಗೋಗರೆದರೂ ಪೊಲೀಸರು ಬಂದಾಗ ಸಿಕ್ಕಿಕೊಳ್ಳುವುದು ಬ್ಯಾಂಡಿನವರು.

10. ರೊಕ್ಕ ಮತ್ತು ಪಂಕ್ತಿ, ಎರಡನ್ನೂ ಮೊದಲೇ ಮಾತಾಡಿ

ಮುಂಗಡ ಹಿಡಿಯುವಾಗಲೇ ಎಷ್ಟು ಹೊತ್ತು, ಎಷ್ಟು ಜನ, ಗಾಡಿ ಯಾರದು ಎಂದು ಚೀಟಿ ಬರೆಯಿರಿ. ಊಟವನ್ನೂ ಬರೆಯಿರಿ: ಎಲ್ಲರ ಜೊತೆ, ಪಂಕ್ತಿಯಲ್ಲಿ. ಮುಂಜಾನೆಯಿಂದ ಊದಿದವರನ್ನು ಹಿತ್ತಲ ಬಾಗಿಲಲ್ಲಿ ಕೂರಿಸಿ ಉಳಿದದ್ದನ್ನು ನೀಡುವ ಮನೆಗಳು ಇನ್ನೂ ಇವೆ. ಮಂಗಳವಾದ್ಯ ಬೇಕು, ಅದನ್ನು ನುಡಿಸಿದವನು ಬೇಡ ಎಂಬ ಈ ನಡತೆ ಬಸವಣ್ಣನವರು ಐಕ್ಯರಾದ ಕೂಡಲಸಂಗಮದ ಸೀಮೆಯಲ್ಲಿ ಉಳಿದಿರುವುದು ನಮಗೆಲ್ಲ ನಾಚಿಕೆ. ಅಂಥ ಮನೆಗೆ ಮತ್ತೆ ಹೋಗುವುದಿಲ್ಲ ಎಂದು ನಾಲ್ಕೂ ಊರಿನ ಕಂಪನಿಗಳು ಒಂದಾಗಿ ಹೇಳಿದರೆ ಎರಡೇ ಸೀಸನ್ನಿನಲ್ಲಿ ಬದಲಾಗುತ್ತದೆ.

ಕುಣಿಯುವವರು ನೋಟನ್ನು ಚುಚ್ಚುವುದು ಟ್ರಂಪೆಟ್ಟಿನವನ ಅಂಗಿಗೆ, ಯಾಕೆಂದರೆ ಅವನು ಮುಂದಿರುತ್ತಾನೆ. ಹಿಂದೆ ದೊಡ್ಡ ಡ್ರಮ್ಮನ್ನು ಹೊಟ್ಟೆಯ ಮೇಲೆ ಹೊತ್ತವನನ್ನು ಯಾರೂ ನೋಡುವುದಿಲ್ಲ. ಖುಷಿಯ ರೊಕ್ಕ ಪೂರ್ತಿ ಒಂದೇ ಪೆಟ್ಟಿಗೆಗೆ ಬೀಳಲಿ, ರಾತ್ರಿ ಎಲ್ಲರೆದುರು ಎಣಿಸಿ ಹಂಚಿಕೊಳ್ಳಿ. ಜ್ವರ ಬಂದು ಮಲಗಿದವನಿಗೂ ಒಂದು ಪಾಲು ಎತ್ತಿಡಿ. ಬೇರೆ ಕಂಪನಿ ಕರೆದರೆ ಹೋಗಬಹುದು, ನಿಮ್ಮ ಮಾಸ್ತರರಿಗೆ ಹೇಳಿ ಹೋಗಿ.

11. ಆಷಾಢದಲ್ಲಿ ನೋಟೇಷನ್ ಕಲಿಯಿರಿ

ಆಷಾಢಕ್ಕೆ ಮದುವೆ ಇಲ್ಲ. ಕೆಲವರು ಮಗ್ಗಕ್ಕೆ, ಕೆಲವರು ಹೊಲಕ್ಕೆ, ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಹೋಗಲೇಬೇಕು, ಮನೆ ನಡೆಯಬೇಕಲ್ಲ. ಆದರೆ ಸಂಜೆ ಅರ್ಧ ಗಂಟೆ ಐದು ಗೆರೆಯ ನೋಟೇಷನ್ ಓದಲು ಕೂತುಕೊಳ್ಳಿ. ನಮ್ಮ ಹುಡುಗರ ಕಿವಿ ಎಷ್ಟು ಚುರುಕೆಂದರೆ ಮೊಬೈಲಿನಲ್ಲಿ ಎರಡು ಸಲ ಕೇಳಿದ ಹಾಡು ಮೂರನೇ ಸಲಕ್ಕೆ ಬಾಯಿಗೆ ಬರುತ್ತದೆ. ಕೊರತೆ ಇರುವುದು ಓದುವುದರಲ್ಲಿ. ಗೋವಾದ ವಾದಕರು ಇಗರ್ಜಿಯ ಶಾಲೆಗಳಲ್ಲಿ ಓದಲು ಕಲಿತಿದ್ದರಿಂದಲೇ ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಜಾಗ ಹಿಡಿದರು. 1951ರ ‘ಅಲ್ಬೇಲಾ’ದಲ್ಲಿ ಸಿ. ರಾಮಚಂದ್ರರ ಜೊತೆ ಮೆರೆದ ಚಿಕ್ ಚಾಕೊಲೇಟ್ ಅಂಥ ಗೋವಾದ ಟ್ರಂಪೆಟ್ ವಾದಕ. ಪೊಲೀಸ್ ಬ್ಯಾಂಡಿನಲ್ಲಿ ಪಗಾರದ ನೌಕರಿ ಸಿಗಬೇಕೆಂದರೂ ಓದುವವನಿಗೆ ದಾರಿ ಸಲೀಸು. ತಗ್ಗುಬಿದ್ದ ಟ್ರಂಪೆಟ್ಟುಗಳ ರಿಪೇರಿಯೂ ಇದೇ ತಿಂಗಳಲ್ಲಿ ಮುಗಿಯಲಿ. ಶ್ರಾವಣ ಹಿಡಿದರೆ ಇಳಕಲ್ಲಿನಲ್ಲಿ ವಿಜಯ ಮಹಾಂತೇಶ್ವರ ಜಾತ್ರೆ. ಅಷ್ಟರೊಳಗೆ ನಾಲ್ಕು ಹೊಸ ಹಾಡು ಕಾಗದ ನೋಡಿಯೇ ಊದುವಂತಾಗಿ, ಎರಡನೇ ಟ್ರಂಪೆಟ್ಟಿನವನಿಗೂ ಅದರ ಒಂದು ಪ್ರತಿ ಬರೆದುಕೊಡಿ.