ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಎದೆನೋವು



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಭಕ್ತರಲ್ಲಿ ಹಲವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಆಸ್ಪತ್ರೆಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳುತ್ತಾರೆ. ಕೆಲವರಿಗೆ ಬೈಪಾಸ್ ಆಗಿರುತ್ತದೆ, ಕೆಲವರಿಗೆ ಕವಾಟದ ಚಿಕಿತ್ಸೆ. ತಿಂಗಳು ಕಳೆದ ಮೇಲೆ ಅವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಹೃದಯ ಸರಿಯಾಯಿತೆಂದು ಹೇಳಿ ಕಳಿಸಿದರು. ಎದೆನೋವು ಮಾತ್ರ ಏಕೆ ಹೋಗಲಿಲ್ಲ?"

ಇದಕ್ಕೆ ಉತ್ತರ ತಿಳಿಯದ ಕೆಲವರು ಹೆದರಿ ಹಾಸಿಗೆ ಬಿಟ್ಟೇಳುವುದಿಲ್ಲ. ಉಸಿರನ್ನೂ ಪೂರ್ತಿ ಎಳೆದುಕೊಳ್ಳುವುದಿಲ್ಲ. ಇನ್ನು ಕೆಲವರು ಎಲ್ಲ ನೋವೂ ಗಾಯದ್ದೇ ಎಂದು ಸುಮ್ಮನಿದ್ದುಬಿಡುತ್ತಾರೆ. ಎರಡರಲ್ಲಿಯೂ ಅಪಾಯವಿದೆ. ಎಲುಬಿನ ನೋವು ಯಾವುದು, ಹೃದಯದ ನೋವು ಯಾವುದು ಎಂಬ ವಿವೇಕವನ್ನು ರೋಗಿಯೂ ಮನೆಯವರೂ ಪಡೆಯುವುದು ಅವಶ್ಯಕ.

ನೋವಿನ ಮೂಲ

ಚರಕಾಚಾರ್ಯರು ಹೃದಯ, ಶಿರಸ್ಸು, ಬಸ್ತಿ ಈ ಮೂರನ್ನು ಪ್ರಧಾನ ಮರ್ಮಗಳೆಂದರು. ಸುಶ್ರುತಾಚಾರ್ಯರು 107 ಮರ್ಮಗಳನ್ನು ಎಣಿಸಿ, ಪೆಟ್ಟು ಬಿದ್ದೊಡನೆ ಪ್ರಾಣ ತೆಗೆಯುವ ಮರ್ಮಗಳ ಸಾಲಿನಲ್ಲಿ ಹೃದಯವನ್ನಿಟ್ಟರು. ಇಂತಹ ಸ್ಥಾನವನ್ನು ತಲುಪಲು ಶಸ್ತ್ರವೈದ್ಯರು ಸಾಮಾನ್ಯವಾಗಿ ಎದೆಯ ನಡುವಿನ ಚಪ್ಪಟೆ ಎಲುಬನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿ, ಎರಡೂ ಬದಿಗೆ ಅಗಲಿಸಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಅದನ್ನು ಬಿಗಿದು ಕಟ್ಟುತ್ತಾರೆ. ಆ ತಂತಿಗಳು ಸಾಮಾನ್ಯವಾಗಿ ಜೀವನಪರ್ಯಂತ ಒಳಗೇ ಇರುತ್ತವೆ.

ಮುರಿದ ಕೈಗೆ ಪಟ್ಟು ಹಾಕಿ ಅಲುಗದಂತೆ ಇಡಬಹುದು. ಎದೆಯ ಎಲುಬು ಪ್ರತಿ ಉಸಿರಿಗೂ, ಪ್ರತಿ ಕೆಮ್ಮಿಗೂ ಅಲುಗುತ್ತದೆ. ಅದು ಬೆಸೆದುಕೊಳ್ಳಲು 6ರಿಂದ 12 ವಾರಗಳು ಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ, ತಂಬಾಕು ಬಿಡದವರಿಗೆ ಇನ್ನೂ ಹೆಚ್ಚು. ಎದೆಯನ್ನು ಅಗಲಿಸಿದಾಗ ಪಕ್ಕೆಲುಬಿನ ಕೀಲುಗಳೂ ಸ್ನಾಯುಗಳೂ ಎಳೆದಿರುವುದರಿಂದ ಹೆಗಲು, ಕುತ್ತಿಗೆ, ಬೆನ್ನು ನೋಯುತ್ತವೆ. ಬೈಪಾಸ್‌ಗಾಗಿ ಎದೆಗೂಡಿನ ಒಳಗೋಡೆಯ ರಕ್ತನಾಳವನ್ನು ಬಿಡಿಸಿಕೊಂಡಿದ್ದರೆ, ಅಲ್ಲಿನ ಸೂಕ್ಷ್ಮ ನರಗಳಿಗೆ ಪೆಟ್ಟಾಗಿ ಎಡ ಎದೆಯಲ್ಲಿ ಜೋಮು, ಉರಿ, ಸೂಜಿ ಚುಚ್ಚಿದಂತಹ ನೋವು ಉಂಟಾಗುತ್ತದೆ. ಅಂಗಿಯ ಬಟ್ಟೆ ತಾಕಿದರೂ ಕೆಲವರು ಮುಖ ಸಿಂಡರಿಸುತ್ತಾರೆ. ಇಂತಹ ನೋವು 3 ತಿಂಗಳ ನಂತರವೂ ಉಳಿಯುವುದು ಅಪರೂಪವಲ್ಲ. ಬಹುತೇಕರಲ್ಲಿ ವರ್ಷ ತುಂಬುವುದರೊಳಗೆ ಇಳಿಯುತ್ತಾ ಬರುತ್ತದೆ.

ಗುರುತಿಸುವ ಬಗೆ

ಬೆರಳಿನಿಂದ ಒತ್ತಿದರೆ ಹೆಚ್ಚುವ, ಮಗ್ಗಲು ಬದಲಿಸಿದಾಗ, ಕೆಮ್ಮಿದಾಗ, ಕೈ ಎತ್ತಿದಾಗ ಚುಳುಕೆನ್ನುವ ನೋವು ಹೆಚ್ಚಾಗಿ ಎಲುಬು, ಸ್ನಾಯುಗಳದ್ದು. ವಾರದಿಂದ ವಾರಕ್ಕೆ ಅದು ಸ್ವಲ್ಪವಾದರೂ ಕಡಿಮೆಯಾಗುತ್ತಿರಬೇಕು.

ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆಯನ್ನು ಹಿಂಡಿದಂತಾಗಿ, ನಿಂತರೆ ಇಳಿಯುವ ನೋವು ಹೃದಯದ್ದಾಗಿರಬಹುದು. ಅಂದೇ ವೈದ್ಯರಿಗೆ ತಿಳಿಸಬೇಕು. ವಿಶ್ರಾಂತಿಯಲ್ಲಿಯೂ ನಿಲ್ಲದ ಬಿಗಿತ, ದವಡೆಗೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು.

ಇನ್ನೆರಡು ಲಕ್ಷಣಗಳು ಗಮನದಲ್ಲಿರಲಿ. ಗಾಯ ಕೆಂಪೇರುವುದು, ಕೀವು ಸೋರುವುದು, ಜ್ವರ, ಮಗ್ಗಲು ತಿರುಗಿದಾಗ ಎದೆಯೆಲುಬು ಕಟಕ್ಕೆನ್ನುವುದು ಸೋಂಕಿನ ಅಥವಾ ಎಲುಬು ಬಿಟ್ಟುಕೊಂಡ ಸೂಚನೆ. ಮಲಗಿದರೆ ಹೆಚ್ಚಿ, ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುವ ನೋವಿನ ಜೊತೆ ಜ್ವರವಿದ್ದರೆ ಹೃದಯದ ಹೊರಪೊರೆ ಉರಿಗೊಂಡಿರಬಹುದು. ಇವೆರಡಕ್ಕೂ ಮನೆಮದ್ದು ಸಲ್ಲದು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನು ತಡಮಾಡದೆ ಸಂಪರ್ಕಿಸಬೇಕು.

ಜೋಯಿಡಾದ ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಸಿಗದ ಊರುಗಳು ಇನ್ನೂ ಇವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೂ ನಿಲ್ಲುತ್ತದೆ. ಇಂತಹ ಕಡೆ ಇರುವವರು ಯಾರ ವಾಹನ, ಯಾವ ದಾರಿ, ಎಲ್ಲಿ ನಿಂತು ಕರೆ ಮಾಡಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸಾಧ್ಯವಿದ್ದವರು ಮೊದಲ ಆರು ವಾರ ದಾಂಡೇಲಿ ಅಥವಾ ಹಳಿಯಾಳದ ನೆಂಟರ ಮನೆಯಲ್ಲಿ ಉಳಿಯುವುದು ಲೇಸು.

ನಿತ್ಯದ ನಡೆ

ಒಂದು ಗಟ್ಟಿ ದಿಂಬು ಸದಾ ಕೈಗೆ ಸಿಗುವಂತಿರಲಿ. ಕೆಮ್ಮುವಾಗ, ಸೀನುವಾಗ ಅದನ್ನು ಎದೆಗೆ ಅಪ್ಪಿ ಹಿಡಿಯಬೇಕು. ಹಾಸಿಗೆಯಿಂದ ಏಳುವಾಗ ಕೈಯೂರಿ ಎಳೆದೇಳದೆ, ಮಗ್ಗಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಮನೆಯವರು ಬೆನ್ನಿಗೆ ಆಸರೆ ಕೊಟ್ಟಾಗ ಏಳಬೇಕು. ರೋಗಿಯ ತೋಳು ಹಿಡಿದು ಜಗ್ಗಬಾರದು. ಆಸ್ಪತ್ರೆಯವರು ಕೊಟ್ಟ ಮೂರು ಗುಂಡುಗಳ ಉಸಿರಿನ ಉಪಕರಣವನ್ನು ಮೂಲೆಗೆ ಎಸೆಯದೆ, ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ ಬಳಸಬೇಕು. ನೋವಿಗೆ ಅಂಜಿ ಮೇಲುಸಿರು ಬಿಡುವವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುವ ಸಂಭವವಿದೆ. ಸಮತಟ್ಟಾದ ನೆಲದಲ್ಲಿ ದಿನಕ್ಕೆರಡು ಸಲ ಐದರಿಂದ ಹತ್ತು ನಿಮಿಷ ನಡೆದು, ನಿಧಾನವಾಗಿ ಅರ್ಧ ಗಂಟೆಗೆ ಏರಿಸಬೇಕು.

ಮೊದಲ ಎರಡು ಮೂರು ತಿಂಗಳು 4–5 ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ನೀರು ತುಂಬಿದ ಕೊಡ ಇದರ ಎರಡು ಮೂರು ಪಟ್ಟು ಭಾರವಿರುತ್ತದೆ. ಬಾವಿಯ ಹಗ್ಗ ಜಗ್ಗುವುದು, ಕಟ್ಟಿಗೆ ಒಡೆಯುವುದು, ಕಬ್ಬು ಕಡಿಯುವುದು, ಬೈಕ್ ಓಡಿಸುವುದು ಎಲ್ಲವೂ ಎದೆಯೆಲುಬನ್ನು ಎಳೆಯುವ ಕೆಲಸಗಳು. ರೊಟ್ಟಿ ಬಡಿಯುವುದೂ ಇದೇ ಸಾಲಿಗೆ ಸೇರುತ್ತದೆ ಎಂಬುದು ಅನೇಕ ಮನೆಗಳಲ್ಲಿ ತಿಳಿದಿಲ್ಲ. ತಾಯಂದಿರು ಆಸ್ಪತ್ರೆಯಿಂದ ಬಂದ ಮೂರನೆಯ ವಾರಕ್ಕೇ ಒಲೆಯ ಮುಂದೆ ಕೂರುತ್ತಾರೆ. ಆಮೇಲೆ ನೋವೆಂದು ಹೇಳಲು ಸಂಕೋಚಪಡುತ್ತಾರೆ. ಕಾಯಕಕ್ಕೆ ಕಾಯವೇ ಸಾಧನ. ಅದು ಕೂಡಿಕೊಳ್ಳುವವರೆಗೆ ಮನೆಯ ಗಂಡಸರು, ಮಕ್ಕಳು ಆ ಕೆಲಸವನ್ನು ಹಂಚಿಕೊಳ್ಳಲಿ. ಸ್ತನಗಳ ಭಾರದಿಂದಲೂ ಗಾಯ ಎಳೆಯುವುದರಿಂದ ತಾಯಂದಿರು ಮೆದುವಾದ, ಆಸರೆ ಕೊಡುವ ಒಳಉಡುಪು ಧರಿಸಬೇಕು.

ಪೂಜೆ ಮತ್ತು ಜಾತ್ರೆ

ಕೊರಳಲ್ಲಿ ಧರಿಸಿದ ಕರಡಿಗೆಯು ಅನೇಕರಿಗೆ ಗಾಯದ ಗೆರೆಯ ಮೇಲೆಯೇ ಬಂದು ಕೂರುತ್ತದೆ. ಅದರ ಉಜ್ಜುವಿಕೆಯಿಂದ ಹಸಿ ಗಾಯ ಕೆರಳುತ್ತದೆ. ಲಿಂಗವನ್ನು ಅಗಲಲು ಮನಸ್ಸೊಪ್ಪದೆ ಕೆಲವರು ನೋವನ್ನು ನುಂಗಿಕೊಳ್ಳುತ್ತಾರೆ. ಶಿವದಾರದ ಉದ್ದವನ್ನು ಬದಲಿಸಿದರೆ ಕರಡಿಗೆ ಗಾಯವನ್ನು ಬಿಟ್ಟು ಕೂರುತ್ತದೆ. ಧಾರಣೆಯ ಬೇರೆ ಕ್ರಮ ಬೇಕಾದರೆ ಪೂಜ್ಯರನ್ನು ಕೇಳಿ ನಡೆಯಬೇಕು. ಪೂಜೆಯಲ್ಲಿ ಎಡಗೈಯನ್ನು ಬಹಳ ಹೊತ್ತು ಎತ್ತಿ ಹಿಡಿಯುವಾಗ ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡರೆ ಹೆಗಲು ನೋಯದು. ದೀರ್ಘದಂಡ ನಮಸ್ಕಾರ, ಸೂರ್ಯನಮಸ್ಕಾರ, ಕಪಾಲಭಾತಿ, ಭಸ್ತ್ರಿಕಾ, ಕುಂಭಕಗಳನ್ನು ಹೃದಯ ವೈದ್ಯರ ಒಪ್ಪಿಗೆ ದೊರೆಯುವವರೆಗೆ ಬಿಡಬೇಕು. ಕುಳಿತು ಕೈಮುಗಿದರೆ ಸಾಕು.

ಮಾಘ ಮಾಸದಲ್ಲಿ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಸಂಪ್ರದಾಯ ನಮ್ಮ ಕಡೆ ಇದೆ. ಚಕ್ಕಡಿಯ ಕುಲುಕಾಟವನ್ನು ಹಸಿ ಎಲುಬು ತಾಳಲಾರದು. ಶಸ್ತ್ರಚಿಕಿತ್ಸೆಯಾಗಿ 3 ತಿಂಗಳು ತುಂಬದವರು ಈ ವರ್ಷ ಮನೆಯಲ್ಲಿಯೇ ಸ್ಮರಿಸಿ, ಬರುವ ವರ್ಷ ಹೋಗಬಹುದು.

ಔಷಧದ ವಿಷಯ

ನೋವು ಎಂದೊಡನೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ಬೈಪಾಸ್ ಆದವರಿಗೆ ಅಪಾಯಕಾರಿ. ಅವು ಹೃದಯಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಬಹುಪಾಲು ಸಾಕಾಗುತ್ತದೆ. ಉರಿ, ಜೋಮಿನ ನರನೋವಿಗೆ ಬೇರೆಯೇ ಔಷಧಗಳಿವೆ, ಕೇಳಿ ಪಡೆಯಬೇಕು. ನೋವಿದೆಯೆಂದು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ನೋವು ತಗ್ಗಿದರೆ ಮಾತ್ರ ಉಸಿರು, ನಡಿಗೆ, ನಿದ್ರೆ ಸಾಧ್ಯ.

ನಮ್ಮ ಪದ್ಧತಿಯ ಬಗ್ಗೆಯೂ ಹೇಳಬೇಕಾದುದಿದೆ. ವಾತಶಮನಕ್ಕೆಂದು ಎದೆಗೆ ಎಣ್ಣೆ ತಿಕ್ಕುವುದು, ಗಾಯದ ಮೇಲೆ ಬಿಸಿ ಶಾಖ ಕೊಡುವುದು ಎಲುಬು ಕೂಡುವವರೆಗೆ ನಿಷಿದ್ಧ. ಹೆಗಲು, ಬೆನ್ನಿಗೆ ಹಿತವಾದ ಶಾಖ ಕೊಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಗುಗ್ಗುಳು, ಅರ್ಜುನ, ಬೆಳ್ಳುಳ್ಳಿಯ ಯೋಗಗಳನ್ನು ಯಾರೋ ಹೇಳಿದರೆಂದು ಆರಂಭಿಸಬಾರದು. ಆಯುರ್ವೇದವೂ ಔಷಧವೇ, ಎರಡೂ ಕಡೆಯ ವೈದ್ಯರಿಗೆ ತಿಳಿದಿರಬೇಕು. ಆಸ್ಪತ್ರೆಯವರು ಬರೆದ ಮಾತ್ರೆಗಳನ್ನು ನಿಲ್ಲಿಸುವಂತೆ ಯಾವ ವೈದ್ಯನೂ ಹಗುರವಾಗಿ ಹೇಳಲಾರ.

ಕೊನೆಯದಾಗಿ, ಈ ಅವಧಿಯಲ್ಲಿ ಕಾರಣವಿಲ್ಲದೆ ಅಳು ಬರುವುದು, ರಾತ್ರಿ ಭಯದಿಂದ ಎಚ್ಚರವಾಗುವುದು ಹಲವರಲ್ಲಿ ಕಾಣುತ್ತದೆ. ಅದನ್ನು ಹಾಸ್ಯ ಮಾಡದೆ ಹತ್ತಿರ ಕುಳಿತು ಕೇಳಬೇಕು. ವಾರಗಳು ಕಳೆದರೂ ಹಾಗೆಯೇ ಉಳಿದರೆ ಅದನ್ನೂ ವೈದ್ಯರಿಗೆ ಹೇಳಬೇಕು. ದಿನಕ್ಕೊಮ್ಮೆ ನೋವು ಎಷ್ಟಿದೆ, ಎಲ್ಲಿದೆ, ಏನು ಮಾಡಿದಾಗ ಬಂತು ಎಂದು ಪುಟ್ಟ ವಹಿಯಲ್ಲಿ ಬರೆದಿಟ್ಟು ಮುಂದಿನ ತಪಾಸಣೆಗೆ ಒಯ್ದರೆ, ವೈದ್ಯರಿಗೆ ದಾರಿ ಸುಲಭವಾಗುತ್ತದೆ.