ಮುಕ್ತ ತಂತ್ರಾಂಶ: ಬೆಲೆಯಿಲ್ಲದ ಸರಕಿಗೆ ನೆರವಿನ ವ್ಯವಸ್ಥೆ

ತಂತ್ರಾಂಶಕ್ಕೆ ಬೆಲೆಯಿಲ್ಲವೆಂದ ಮಾತ್ರಕ್ಕೆ ಅದರ ಬಳಕೆಗೆ ಖರ್ಚೇ ಇಲ್ಲವೆಂದು ಭಾವಿಸುವುದು ವ್ಯವಹಾರಕ್ಕೆ ತಕ್ಕುದಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಹೋಬಳಿ ಕೇಂದ್ರದಲ್ಲಿ ವರ್ಷಾಂತ್ಯದ ಲೆಕ್ಕದ ವೇಳೆಗೆ ಗಣಕಯಂತ್ರ ಕೈಕೊಟ್ಟರೆ, ಪಟ್ಟಣದಿಂದ ತಂತ್ರಜ್ಞರು ಬರುವವರೆಗೂ ಅಂಗಡಿಯ ಕೆಲಸ ನಿಲ್ಲುತ್ತದೆ. ಪರವಾನಗಿ ಶುಲ್ಕದಲ್ಲಿ ಉಳಿದ ಹಣವು ನಿಂತ ಕೆಲಸದಲ್ಲಿ ಕರಗಿಹೋಗುತ್ತದೆ. ಈ ತೊಡಕನ್ನು ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ಎದುರಿಸಿದ ರೀತಿಯು ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಅಭ್ಯಾಸಯೋಗ್ಯವಾಗಿದೆ.

ಮುಕ್ತ ತಂತ್ರಾಂಶವೆಂದರೇನು?

ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಬಳಸುವ, ಪರಿಶೀಲಿಸಿ ಮಾರ್ಪಡಿಸುವ, ಹಂಚುವ ಹಾಗೂ ಮಾರ್ಪಡಿಸಿದ್ದನ್ನೂ ಹಂಚುವ ಸ್ವಾತಂತ್ರ್ಯಗಳೇ ಇಂತಹ ತಂತ್ರಾಂಶದ ಲಕ್ಷಣ. ಇಲ್ಲಿ ವರ್ತಕರು ಎರಡು ಅಂಶಗಳನ್ನು ಗಮನಿಸಬೇಕು. ಜಿಪಿಎಲ್ ಪರವಾನಗಿಯು ಪ್ರತಿ ನೀಡುವುದಕ್ಕೂ ಸೇವೆ ಒದಗಿಸುವುದಕ್ಕೂ ಹಣ ಪಡೆಯುವುದನ್ನು ನಿಷೇಧಿಸುವುದಿಲ್ಲ. ಆದರೆ ಅದೇ ಪರವಾನಗಿಯು ತಂತ್ರಾಂಶಕ್ಕೆ ಯಾವ ಖಾತರಿಯನ್ನೂ ಕೊಡುವುದಿಲ್ಲ. ಖಾತರಿಯಿಲ್ಲದ ಕಡೆ ಬಳಕೆದಾರರ ಸಂಘಟನೆಯೇ ಆಧಾರವಾಗುತ್ತದೆ.

ಶಿಕ್ಷಕರ ವೇದಿಕೆಯ ಉದಾಹರಣೆ

ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದಡಿ 2011ರಲ್ಲಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಆರಂಭಿಸಿತು. ಉಬುಂಟು ಕಾರ್ಯಾಚರಣಾ ವ್ಯವಸ್ಥೆ, ಗಣಿತ ಬೋಧನೆಗೆ ಜಿಯೋಜೀಬ್ರಾ ಮೊದಲಾದವುಗಳಲ್ಲಿ ಶಿಕ್ಷಕರಿಗೆ ತರಬೇತಿ ನೀಡಲಾಯಿತು. ತರಬೇತಿ ಮುಗಿದು ತಮ್ಮ ಶಾಲೆಗೆ ಹಿಂದಿರುಗಿದ ಶಿಕ್ಷಕರಿಗೆ ಸಂದೇಹ ಬಂದಾಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಕೊರತೆಯನ್ನು ನೀಗಲು ಮಿಂಚಂಚೆಯ ಮೂಲಕ ಪರಸ್ಪರ ಪತ್ರವ್ಯವಹಾರ ನಡೆಸುವ ಬಳಗಗಳನ್ನು ರಚಿಸಲಾಯಿತು.

ಈ ಬಳಗಗಳನ್ನು ಬೋಧನಾ ವಿಷಯವನ್ನು ಆಧರಿಸಿ ರಚಿಸಲಾಯಿತು. ಗಣಿತ–ವಿಜ್ಞಾನಕ್ಕೆ ಒಂದು, ಸಮಾಜ ವಿಜ್ಞಾನಕ್ಕೆ ಮತ್ತೊಂದು. ಹೀಗಾಗಿ ದೂರದ ಜಿಲ್ಲೆಯ ಗಣಿತ ಶಿಕ್ಷಕರ ಪ್ರಶ್ನೆಗೆ ಇನ್ನೊಂದು ಜಿಲ್ಲೆಯ ಗಣಿತ ಶಿಕ್ಷಕರೇ ಉತ್ತರಿಸಲು ಸಾಧ್ಯವಾಯಿತು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಮಿಶ್ರತಳಿ ಗೂಡನ್ನೂ ದ್ವಿತಳಿ ಗೂಡನ್ನೂ ಒಂದೇ ಲಾಟಿನಲ್ಲಿ ಬೆರೆಸಿದರೆ ರೀಲರು ಬೆಲೆ ಕಟ್ಟಲಾರರು. ಪ್ರಶ್ನೆಗಳೂ ಹಾಗೆಯೇ, ಬೆರೆತುಹೋದರೆ ಉತ್ತರಿಸಬಲ್ಲವರ ಕಣ್ಣಿಗೆ ಬೀಳುವುದಿಲ್ಲ.

ಉತ್ತರಗಳ ಸಂಗ್ರಹ

ಬಂದ ಉತ್ತರವು ಅಂದಿಗೇ ಮರೆತುಹೋದರೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರಿಸುವವರು ಬೇಸತ್ತು ದೂರವಾಗುತ್ತಾರೆ. ಶಿಕ್ಷಕರು ಹಂಚಿಕೊಂಡ ಪಾಠ ಸಾಮಗ್ರಿಯನ್ನು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಭಂಡಾರದಲ್ಲಿ ಕನ್ನಡ ಹಾಗೂ ಇಂಗ್ಲಿಷಿನಲ್ಲಿ ವರ್ಗೀಕರಿಸಿ ಇಡುವ ಏರ್ಪಾಡು ಇದಕ್ಕೆ ಪರಿಹಾರವಾಯಿತು. ನಿತ್ಯದ ಪತ್ರವ್ಯವಹಾರವು ರೋಜು ಪುಸ್ತಕವಾದರೆ ಭಂಡಾರವು ಖಾತೆ ಪುಸ್ತಕ. ಒಂದರಿಂದ ಇನ್ನೊಂದಕ್ಕೆ ನಮೂದಾಗದಿದ್ದರೆ ಲೆಕ್ಕ ಕೂಡುವುದಿಲ್ಲ.

ಭಾಷೆಯ ವಿಷಯವೂ ಮುಖ್ಯ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ಅವಲಂಬಿಸಿವೆ. ಅಲ್ಲಿ 2001ರ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ 'ಕೈಟ್' ಎಂಬ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕ ಶಿಕ್ಷಣದ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಕೇಳುವವರ ಭಾಷೆಯಲ್ಲಿ ಉತ್ತರ ಸಿಗದಿದ್ದರೆ ಯಾವ ವ್ಯವಸ್ಥೆಯೂ ಬಹುಕಾಲ ನಿಲ್ಲದು.

ವರ್ತಕರು ಅನುಸರಿಸಬಹುದಾದ ಕ್ರಮ

ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್, ಗ್ನೂಕ್ಯಾಶ್ ಮೊದಲಾದ ಮುಕ್ತ ತಂತ್ರಾಂಶ ಬಳಸಲಿಚ್ಛಿಸುವ ರೀಲರುಗಳು, ದಿನಸಿ ವರ್ತಕರು ಹಾಗೂ ಸಣ್ಣ ಘಟಕಗಳ ಮಾಲೀಕರು ಈ ಮುಂದಿನ ಅಂಶಗಳನ್ನು ಪಾಲಿಸುವುದು ಹಿತಕರ:

1. ಬಳಗವನ್ನು ಕೆಲಸದ ಸ್ವರೂಪಕ್ಕೆ ಅನುಗುಣವಾಗಿ ವಿಂಗಡಿಸುವುದು: ಬಿಲ್ಲು ಮತ್ತು ತೆರಿಗೆ, ದಾಸ್ತಾನು, ಕನ್ನಡ ಬೆರಳಚ್ಚು. ಆದರೆ ಸದಸ್ಯರು ಕಡಿಮೆಯಿರುವಾಗ ಹೆಚ್ಚು ವಿಭಾಗಗಳನ್ನು ಮಾಡಬಾರದು; ಮಾಡಿದರೆ ಎಲ್ಲ ವಿಭಾಗಗಳೂ ಬರಿದಾಗುತ್ತವೆ.

2. ಪ್ರಶ್ನೆಯಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ತೋರಿಬಂದ ದೋಷ ಇವಿಷ್ಟನ್ನೂ ತಪ್ಪದೆ ತಿಳಿಸುವುದು. ಗಿರಾಕಿಗಳ ವಿವರ, ಬ್ಯಾಂಕ್ ಖಾತೆ, ಗುಪ್ತಪದಗಳನ್ನು ಎಂದಿಗೂ ಸೇರಿಸದಿರುವುದು.

3. ಪ್ರತಿ ಬಳಗಕ್ಕೂ ಒಬ್ಬ ನಿರ್ವಾಹಕರನ್ನು ನೇಮಿಸುವುದು. ಉತ್ತರ ಬಾರದ ಪ್ರಶ್ನೆಯನ್ನು ಬಲ್ಲವರಿಗೆ ಮುಟ್ಟಿಸುವುದೂ ಜಾಹೀರಾತು ಮತ್ತು ಅಪ್ರಸ್ತುತ ಸಂದೇಶಗಳನ್ನು ತಡೆಯುವುದೂ ಅವರ ಹೊಣೆ.

4. ಪರಿಹಾರ ಕಂಡ ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಸರಳ ಕನ್ನಡದಲ್ಲಿ ಬರೆದು ಸಂಗ್ರಹಿಸುವುದು.

5. ಪರವಾನಗಿಯನ್ನು ಓದಿ ನೋಡುವುದು. ಉದಾಹರಣೆಗೆ, ಶಾಲೆಗಳಿಗೆ ಉಚಿತವಾದ ಜಿಯೋಜೀಬ್ರಾವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಲು ಪ್ರತ್ಯೇಕ ನಿಬಂಧನೆಗಳಿವೆ.

ಸ್ವಯಂಸೇವೆಯೊಂದರಿಂದಲೇ ಎಲ್ಲವೂ ನಡೆಯುವುದಿಲ್ಲ. ತುರ್ತು ದುರಸ್ತಿ, ದತ್ತಾಂಶ ವರ್ಗಾವಣೆ, ಸಿಬ್ಬಂದಿ ತರಬೇತಿ ಇವು ಹಣ ಕೊಟ್ಟು ಪಡೆಯತಕ್ಕ ಸೇವೆಗಳು. ಇಲ್ಲಿಯೇ ತಾಲ್ಲೂಕು ಮಟ್ಟದ ಗಣಕ ಸೇವಾ ಕೇಂದ್ರಗಳಿಗೆ ಅವಕಾಶವಿದೆ. ಪರವಾನಗಿಗಾಗಿ ಊರಿನಿಂದ ಹೊರಹೋಗುವ ಹಣದಲ್ಲಿ ಒಂದು ಪಾಲು ಸ್ಥಳೀಯ ಯುವಕ ಯುವತಿಯರ ದುಡಿಮೆಗೆ ಸಂದಾಯವಾದರೆ, ಸಾದಲಿಯ ಅಂಗಡಿಯವರು ತಂತ್ರಜ್ಞರಿಗಾಗಿ ದಿನಗಟ್ಟಲೆ ಕಾಯಬೇಕಾದ ಸ್ಥಿತಿ ತಪ್ಪುತ್ತದೆ. ಆದುದರಿಂದ ತಂತ್ರಾಂಶವನ್ನು ಆರಿಸುವ ಮುನ್ನ ಅದರ ಬೆಲೆಯೊಡನೆ, ಅದು ಕೆಟ್ಟಾಗ ಕೇಳಬೇಕಾದವರು ಯಾರೆಂಬುದನ್ನೂ ವಿಚಾರಿಸಿಕೊಳ್ಳುವುದು ವಿವೇಕವೆನಿಸುತ್ತದೆ.