ಮನೆಯಂಗಳದಲ್ಲಿ ಕಾಡು ಐರಿಸ್

ಕತ್ತಿಯಂಥ ಉದ್ದನೆಯ ಎಲೆಗಳುಳ್ಳ ಹೂಗಿಡಗಳನ್ನೆಲ್ಲಾ ಲಿಲ್ಲಿಯೆಂದು ಕರೆಯುವ ವಾಡಿಕೆಯು ನಮ್ಮಲ್ಲಿ ಬಹಳವಾಗಿರುವುದು. ಪರ್ವತಪ್ರಸಂಗದಲ್ಲಿ ಹೇಳಿರುವ ಹೊಲದ ಹೂವು ಸಹ ಲಿಲ್ಲಿಯಲ್ಲ, ಐರಿಸ್ ಆಗಿರಬಹುದೆನ್ನುವ ಪಂಡಿತರುಂಟು. ಆ ಚರ್ಚೆಯನ್ನು ಅವರಿಗೇ ಬಿಟ್ಟು, ನಮ್ಮ ಅಂಗಳದಲ್ಲಿ ಬೆಳೆಯಬಹುದಾದ ಒಂದು ಕಾಡು ಐರಿಸನ್ನು ಗುರುತಿಸುವ ಬಗೆಯನ್ನು ನೋಡೋಣ.

ಈ ಗಿಡವು ಹಿಮಾಲಯ ಮೊದಲ್ಗೊಂಡು ಚೀನಾ ಜಪಾನುಗಳವರೆಗೆ ತಾನಾಗಿ ಹುಟ್ಟುವುದು. ತೋಟಗಾರರು ಇದನ್ನು ಬ್ಲ್ಯಾಕ್‌ಬೆರಿ ಲಿಲ್ಲಿಯೆಂತಲೂ ಲೆಪರ್ಡ್ ಲಿಲ್ಲಿಯೆಂತಲೂ ಕರೆಯುವರು. ಕಿತ್ತಳೆ ಬಣ್ಣದ ಆರು ಎಸಳುಗಳು, ಅವುಗಳ ಮೇಲೆ ಚಿರತೆಯ ಮೈಯಂತೆ ಕೆಂಪು ಚುಕ್ಕೆಗಳು. ಬೆಳಿಗ್ಗೆ ಅರಳಿದ ಹೂವು ಸಾಯಂಕಾಲಕ್ಕೆ ಹಿಂಡಿದ ವಸ್ತ್ರದಂತೆ ಸುರುಳಿಗೊಂಡು ಮುದುಡುವುದು.

ಇದರ ಹೆಸರಿನ ಚರಿತ್ರೆಯೇ ಒಂದು ಪಾಠ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವ್ಯಾನ್ ರೀಡನು 1678ರಿಂದ 1693ರ ವರೆಗೆ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಇದರ ಮಲೆಯಾಳದ ಹೆಸರನ್ನು ಬರೆಯಿಸಿದನು. ಅದರಿಂದ ಬೆಲಮ್ಕಂಡ ಎಂಬ ಶಾಸ್ತ್ರೀಯ ನಾಮವು ಹುಟ್ಟಿತು. ಲಿನ್ನೇಯಸನು 1753ರ ತನ್ನ ಒಂದೇ ಗ್ರಂಥದಲ್ಲಿ ಈ ಗಿಡಕ್ಕೆ ಎರಡು ಹೆಸರುಗಳನ್ನು ಕೊಟ್ಟನು; ಅವುಗಳಲ್ಲೊಂದು ಆರ್ಕಿಡುಗಳ ಸಾಲಿನದು! ಕಡೆಗೆ ಡಿಎನ್ಎ ಪರೀಕ್ಷೆಯ ಆಧಾರದಿಂದ 2005ರಲ್ಲಿ ಇದಕ್ಕೆ ಐರಿಸ್ ಡೊಮೆಸ್ಟಿಕ ಎಂದು ಹೆಸರಾಯಿತು.

ಮಹಾಪಂಡಿತನೂ ಎಡವಲು ಕಾರಣವೇನು? ಸಾಮಾನ್ಯವಾದ ಐರಿಸಿನಲ್ಲಿ ಮೂರು ಎಸಳುಗಳು ಕೆಳಗೆ ಬಾಗಿಯೂ ಮೂರು ಮೇಲೆ ನೆಟ್ಟಗೂ ಇರುವುವು. ಈ ಗಿಡದಲ್ಲಾದರೋ ಆರೂ ಹೆಚ್ಚುಕಡಿಮೆ ಸಮಾನ. ಆದುದರಿಂದ ಎಸಳುಗಳನ್ನು ಮಾತ್ರ ನಂಬಲಾಗದು. ಕೇಸರಗಳನ್ನು ಎಣಿಸಬೇಕು: ಐರಿಸಿಗೆ ಮೂರು, ಲಿಲ್ಲಿಗೆ ಆರು. ಅಂಡಾಶಯವು ಐರಿಸಿನಲ್ಲಿ ಎಸಳುಗಳ ಕೆಳಗಿರುವುದು, ಲಿಲ್ಲಿಯಲ್ಲಿ ಮೇಲೆ. ಹೂವಿಲ್ಲದ ಕಾಲದಲ್ಲಿ ಎಲೆಗಳ ಬುಡವನ್ನು ನೋಡಿರಿ. ಒಂದು ಇನ್ನೊಂದನ್ನು ಅಪ್ಪಿಕೊಂಡು, ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡಿರುವುವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಜೆಯ ಎಲೆಗಳೂ ಹೀಗೆಯೇ ಇರುವುವು. ಯುರೋಪಿನ ಹಳದಿ ಐರಿಸಿಗೆ ಲಿನ್ನೇಯಸನಿಟ್ಟ 'ಸ್ಯೂಡಕೋರಸ್' ಎಂಬ ಹೆಸರಿನ ಅರ್ಥವೇ ಹುಸಿಬಜೆ. ನಮ್ಮ ಮನೆಗಳಲ್ಲಿ ಬಜೆಯನ್ನು ತೇಯ್ದು ಕೂಸುಗಳಿಗೆ ನೆಕ್ಕಿಸುವ ರೂಢಿಯುಂಟಷ್ಟೆ. ಅದರ ಬದಲು ಐರಿಸಿನ ಗಡ್ಡೆಯು ಹೊಟ್ಟೆಗೆ ಹೋದರೆ ವಾಂತಿಭೇದಿಗಳಾಗುವುವು. ಎಲೆಯನ್ನು ಹಿಸುಕಿ ಮೂಸಿದರೆ ಬಜೆಯ ಪರಿಮಳವು ತಟ್ಟನೆ ಬರುವುದು, ಐರಿಸಿಗೆ ಅದಿಲ್ಲ. ಆದರೂ ಇವೆರಡನ್ನೂ ಒಂದೇ ಪಾತಿಯಲ್ಲಿ ನೆಡಲೇಕೂಡದೆಂಬುದು ನಮ್ಮ ಅಭಿಪ್ರಾಯ.

ಕುಮಾವೂನಿನ ಐರಿಸ್ ಮೊದಲಾದ ಹಿಮಾಲಯದ ಗಡ್ಡದ ಐರಿಸುಗಳು ಚಳಿಗಾಲದ ಶೀತವನ್ನು ಬಯಸುವುವು. ಸೆಕೆಯ ಊರುಗಳಲ್ಲಿ ಅವುಗಳಿಗೆ ಹಣ ಸುರಿಯುವುದು ವ್ಯರ್ಥ. ನಮ್ಮ ಚುಕ್ಕೆಯ ಐರಿಸು ಅಷ್ಟು ಬಿಗುಮಾನದ್ದಲ್ಲ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಏರುಪಾತಿಯಿದ್ದರೆ ಸಾಕು. ಕರಾವಳಿಯ ಮಳೆಯಲ್ಲಿ ತಗ್ಗಿನಲ್ಲಿ ನೆಟ್ಟ ಗಡ್ಡೆಯು ಕೊಳೆಯುವುದು. ಗಡ್ಡೆಯನ್ನು ಶುಚಿಯಾದ ಚಾಕುವಿನಿಂದ ಮೊಳಕೆಯೂ ಬೇರೂ ಇರುವಂತೆ ತುಂಡುಮಾಡಿ, ಮಣ್ಣು ತೆಳುವಾಗಿ ಮುಚ್ಚುವಂತೆ, ಗೇಣಿಗೊಂದರಂತೆ ನೆಡಬೇಕು. ಕಾಡಿನಿಂದ ಗಿಡವನ್ನು ಕಿತ್ತು ತರಬೇಡಿರಿ. ನೆರೆಯವರ ತೋಟದಿಂದ ಬೀಜವನ್ನು ಕೇಳಿ ಪಡೆಯಿರಿ. ಬೀಜವನ್ನು ಒಂದು ರಾತ್ರಿ ನೆನೆಯಿಸಿ ಮರಳು ಬೆರೆತ ಮಣ್ಣಿನಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತತಕ್ಕದ್ದು. ಮೊಳೆಯುವುದು ನಿಧಾನ, ಕುಂಡವನ್ನು ಅವಸರದಿಂದ ಬರಿದುಮಾಡಬೇಡಿರಿ.

ಹೂವು ಮುಗಿದೊಡನೆ ದಂಟನ್ನು ಕತ್ತರಿಸುವುದೂ ಸಲ್ಲದು. ಕಾಯಿಯು ಒಣಗಿ ಮೂರಾಗಿ ಸೀಳಿ, ಸಿಪ್ಪೆಗಳು ಹಿಂದಕ್ಕೆ ಮಡಿದುಕೊಂಡಾಗ, ಮಿರುಗುವ ಕರಿಯ ಬೀಜಗಳು ಗೊಂಚಲಾಗಿ ಅಂಟಿಕೊಂಡೇ ನಿಲ್ಲುವುವು. ಬ್ಲ್ಯಾಕ್‌ಬೆರಿ ಎಂಬ ಹೆಸರು ಬಂದದ್ದು ಇದರಿಂದಲೇ.